ಒಡಪಿನ ಎರಡನೆಯ ಸಾಲು

ನವೆಂಬರ್ 14, 2022, ಸೋಮವಾರ

ಇವತ್ತಿನಿಂದ ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳಿದರೆ ‘ತಾರಾಬಾಯಿ ಟೀಚರ್ ಸೊಸೆಯನ್ನು ಅರೆಯುತ್ತಾಳೆ’ ಎಂದು ಓಣಿಯೆಲ್ಲ ಸುದ್ದಿ. ನುಂಗಿಕೊಂಡರೆ ನನಗೇ ಹೊಟ್ಟೆಯುಬ್ಬರ. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಅದರ ಹಳೆಯ ತಾರೀಖು ಹೊಡೆದುಹಾಕಿ ಬರೆಯುತ್ತಿದ್ದೇನೆ.

ಸೊಸೆ ಪ್ರೇಮಲಾ ಇವತ್ತೂ ಅಂಗಳಕ್ಕೆ ಬಿಸಿಲು ಬಂದ ಮೇಲೆಯೇ ಎದ್ದಳು. ಎದ್ದು ಎರಡು ರೊಟ್ಟಿ ಬಡಿದಳು. ಮೂರನೆಯದಕ್ಕೆ ಕೈ ಸೋತಿತು ಎಂದು ಗೋಡೆಗೆ ಒರಗಿದಳು. ಉಳಿದ ಹಿಟ್ಟನ್ನೆಲ್ಲ ಅರವತ್ತೆರಡರ ನಾನು ಬಡಿದೆ. ಬೆವರು ಒರೆಸಿಕೊಳ್ಳುತ್ತ ಒಳಗೆ ಹೋಗಿ ನೋಡಿದರೆ ಮಹಾರಾಣಿ ದುಪ್ಪಟಿ ಹೊದ್ದು ಕಾದಂಬರಿ ಓದುತ್ತಿದ್ದಾಳೆ! ಅದೂ ನನ್ನ ಟ್ರಂಕಿನದು.

“ರೊಟ್ಟಿಗಿ ಸೋತ ಕೈ ಪುಸ್ತಕಕ್ಕ ಸೋಲಂಗಿಲ್ಲೇನು?” ಅಂದೆ.

“ಎದಿ ಮ್ಯಾಲ ಇಟ್ಕೊಂಡೀನ್ರಿ ಅತ್ತಿ. ಎತ್ತಿ ಹಿಡದಿಲ್ರಿ.”

ಉತ್ತರಕ್ಕೇನೂ ಕಮ್ಮಿ ಇಲ್ಲ.

ಕರೋನಾ ಎರಡನೆಯ ಸಲ ಬಂದಾಗ ನಮ್ಮ ಮನೆಯ ನಾಲ್ವರೂ ಮಲಗಿದ್ದೆವು. ನಾನು ಎದ್ದೆ. ನಮ್ಮ ಮನೆಯವರು ಎದ್ದರು. ಮಗ ಅಮರನಾಥ ಎದ್ದು ಜಹೀರಾಬಾದಿನ ಬಜಾರಿನಲ್ಲಿ ತನ್ನ ಬೀಜ-ಗೊಬ್ಬರದ ಅಂಗಡಿ ತೆರೆದ. ಇಪ್ಪತ್ತೇಳರ ಇವಳು ಮಾತ್ರ ಒಂದೂವರೆ ವರ್ಷವಾದರೂ ಹಾಸಿಗೆ ಬಿಟ್ಟಿಲ್ಲ. ಹೈದರಾಬಾದಿಗೆ ಕರೆದೊಯ್ದು ರಕ್ತ, ಎದೆ, ತಲೆ ಎಲ್ಲ ತೋರಿಸಿದೆವು. ರಿಪೋರ್ಟು ನಾರ್ಮಲ್, ಟೆನ್ಶನ್ ಇರಬೇಕು ಅಂದರು ಡಾಕ್ಟರು. ಕೆಲಸ ಮಾಡುವವಳು ನಾನು, ಟೆನ್ಶನ್ ಇವಳಿಗಂತೆ.

ನವೆಂಬರ್ 27, ರವಿವಾರ

ಈಗ ಇದಕ್ಕೊಂದು ಹೆಸರೂ ಸಿಕ್ಕಿದೆ. ಲಾಂಗ್ ಕೋವಿಡ್. ಬೀದರಿನಿಂದ ಬಸ್ಸಿನಲ್ಲಿ ಬರುವ ಕನ್ನಡ ಪತ್ರಿಕೆಯ ಒಳಪುಟದಲ್ಲಿತ್ತು. ಅಮರನಾಥ ಅದನ್ನು ನನ್ನ ಮೂಗಿನ ಮುಂದೆ ಹಿಡಿದ.

“ಅವ್ವ, ಪ್ರೇಮಲಾಗ ಇದೇ ಆಗ್ಯದ ನೋಡು.”

ಓದಿದೆ. ದಣಿವು, ಉಸಿರು ಸಾಲದಿರುವುದು, ತಲೆನೋವು, ಎದೆಬಡಿತ, ಮರೆವು, ಕೀಲುನೋವು, ನಿದ್ದೆಗೇಡು. ಇದು ರೋಗವೋ ಸಂತೆಯ ಯಾದಿಯೋ? ಇದರಲ್ಲಿ ಅರ್ಧ ನನಗೂ ಇದೆ, ನಾನೇನು ಮಲಗಿದ್ದೇನೆಯೇ? ಕೊನೆಯಲ್ಲಿ ‘ಈ ಬಗ್ಗೆ ಹೆಚ್ಚಿನ ಅಧ್ಯಯನ ನಡೆಯಬೇಕಿದೆ’ ಎಂದು ಕೈತೊಳೆದುಕೊಂಡಿದ್ದಾರೆ. ನ್ಯಾಲ್ಕಲ್ಲಿನ ಕನ್ನಡ ಶಾಲೆಯಲ್ಲಿ ಇಂಥ ಉತ್ತರ ಬರೆದವರಿಗೆ ನಾನು ಸೊನ್ನೆ ಸುತ್ತುತ್ತಿದ್ದೆ. ಇನ್ನು ಮೇಲೆ ಈ ಸುದ್ದಿ ಎಲ್ಲಿ ಬಂದರೂ ಕೆಂಪು ಪೆನ್ನು ಹಿಡಿದು ಓದುತ್ತೇನೆ. ಸುಳ್ಳು ಎಲ್ಲಿದೆ ಎಂದು ತೋರಿಸಿಯೇ ಬಿಡುತ್ತೇನೆ.

ಹಾಲು ತರುವ ಮೋನಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ಕುರಿ ಸಾಕುವ ಮನೆಯವಳು.

“ನಮ್ ತಮ್ಮ ಭೀಮಶಾನೂ ಹಿಂಗೇ ಕುಂತಾನ್ರೀ ಟೀಚರಬಾಯಿ. ಕುರಿ ಹಿಂದ ನಡ್ಯಾಕ ಆಗವಲ್ದು ಅಂತಾನ.”

ಕುಡಿದಿರುತ್ತಾನೆ. ಬಾಯಿಗೆ ಬಂದಿತ್ತು, ಹೇಳಲಿಲ್ಲ.

ಡಿಸೆಂಬರ್ 8, ಗುರುವಾರ

ಸಿಕ್ಕಿಬಿದ್ದಳು. ಕಾದಂಬರಿಯಲ್ಲಿ ಗುರುತಿಗೆಂದು ಇಟ್ಟ ಬೆಂಕಿಕಡ್ಡಿ ವಾರದಿಂದ ಒಂದೇ ಹಾಳೆಯಲ್ಲಿದೆ. ಓದುವ ನೆಪದಲ್ಲಿ ನಿದ್ದೆ! ಪರೀಕ್ಷೆ ಇಟ್ಟೇಬಿಟ್ಟೆ.

“ಹೇಳು, ದೇಸಾಯರ ನಡುವಿನ ಸೊಸಿ ಹೆಸರೇನು?”

ಅವಳು ನನ್ನ ಮುಖ ನೋಡಿದಳು. ಪುಸ್ತಕ ನೋಡಿದಳು.

“ಓದೀನ್ರಿ ಅತ್ತಿ. ಹಾಳಿ ತಿರುವಿದ ಕೂಡ್ಲೆ ಹಿಂದಿಂದು ಹೋಗಿಬಿಡ್ತದರಿ. ಮತ್ತ ಹಿಂದ ಹೋಗ್ತೀನಿ.”

“ಹಂಗಾದ್ರ ಯಾಕರೆ ಓದ್ತಿ?”

“ನೀವು ಕಲಿಸಿದ್ದಲ್ರಿ. ಬಿಟ್ರ ಇದೂ ಹೋಗ್ತದ ಅಂತ ಅಂಜಿಕಿ ಬರ್ತದರಿ.”

ತಾಂಡೂರಿನಲ್ಲಿ ತೆಲುಗು ಮಾಧ್ಯಮದಲ್ಲಿ ಕಲಿತವಳು. ಮನೆಮಾತು ಕನ್ನಡವಾದರೂ ಓದಲು ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ನಾನೇ ತಿದ್ದಿಸಿದೆ. ಆಗ ಬಲು ಚುರುಕು. ಒಡಪು ಹೇಳುವುದರಲ್ಲಂತೂ ನಮ್ಮ ಬೀಗರು-ಬಿಜ್ಜರಲ್ಲಿ ಅವಳನ್ನು ಮೀರಿಸಿದವರಿಲ್ಲ. ಗಂಡನ ಹೆಸರನ್ನು ಬರಿದೇ ಹೇಳಬಾರದು, ಪದ್ಯದ ಎರಡನೆಯ ಸಾಲಿಗೆ ಸೇರಿಸಿ ಹೇಳಬೇಕು ಎಂಬುದು ನಮ್ಮಲ್ಲಿ ಎಲ್ಲ ಹೆಂಗಸರಿಗೂ ಗೊತ್ತು. ಆದರೆ ನಾವೆಲ್ಲ ಅಜ್ಜಿಯರ ಕಾಲದ್ದನ್ನೇ ಒಪ್ಪಿಸುತ್ತೇವೆ. ಇವಳು ಮನೆ ತುಂಬಿಸಿಕೊಂಡ ದಿನ ಹೊಸ್ತಿಲಲ್ಲಿ ನಿಂತು, ತನ್ನ ತವರಿನ ಕಡೆಯ ಸಿಮೆಂಟ್ ಕಾರ್ಖಾನೆಯನ್ನೇ ತಂದು ಒಡಪಿಗೆ ಕಟ್ಟಿದ್ದಳು:

“ಕರಣಕೋಟಿ ಸಿಮೆಂಟಿಲೆ ಕಟ್ಟೀವಿ ಮನಿ,
ಅಮರನಾಥ ನನ್ನ ಕೊರಳಾಗಿನ ಮಣಿ.”

ಹೆಂಗಸರು ನಕ್ಕು ನಕ್ಕು ಆರತಿ ತಟ್ಟೆಯನ್ನೇ ಅಲುಗಾಡಿಸಿದ್ದರು. ಇರಲಿ. ಇವತ್ತಿನ ಪರೀಕ್ಷೆಯಲ್ಲಿ ನಪಾಸು, ಅಷ್ಟೇ ನಾನು ಬರೆಯಬೇಕಾದದ್ದು.

ಡಿಸೆಂಬರ್ 23, ಶುಕ್ರವಾರ, ಎಳ್ಳಮಾಸಿ

ನಾನು ಹೇಳಲಿಲ್ಲವೇ!

ಎಲ್ಲ ಕಾಳು, ಎಲ್ಲ ಸೊಪ್ಪು ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಗಡಿಗೆ ತುಂಬ ಅಂಬಲಿ. ಹೊಲಕ್ಕೆ ಹೊರಡುವಾಗ ಬುಟ್ಟಿಯನ್ನು ನಾನು ತಲೆಯ ಮೇಲಿಟ್ಟುಕೊಳ್ಳಲು ಹೋದೆ. ನಮ್ಮ ಮನೆಯವರ ತಂಗಿ ಲಕ್ಷ್ಮಿಬಾಯಿ ನಾರಾಯಣಖೇಡದಿಂದ ಬಂದಿದ್ದಳು. ಅವಳ ನಾಲಿಗೆ ಸುಮ್ಮನಿದ್ದೀತೇ?

“ಸೊಸಿ ಇದ್ದ ಮನ್ಯಾಗ ಬುಟ್ಟಿ ಅತ್ತಿ ತಲಿ ಮ್ಯಾಲ ಯಾಕ ವೈನಿ? ಮಂದಿ ಏನಂದಾರು?”

ನಾನು ಬುಟ್ಟಿ ಕೆಳಗಿಟ್ಟೆ. ಪ್ರೇಮಲಾ ಎದ್ದಳು, ಸೆರಗು ಸಿಂಬೆ ಮಾಡಿದಳು, ಬುಟ್ಟಿ ಹೊತ್ತಳು. ಆಟೋ ಇಳಿದ ಮೇಲೆ ಕಡಲೆ ಹೊಲದ ಬದುವಿನಗುಂಟ ಬರಿಗಾಲಲ್ಲಿ, ಎಲ್ಲೂ ಇಳಿಸದೆ, ನಮ್ಮ ಜೋಳದ ಹೊಲದವರೆಗೆ ನಡೆದಳು. ಭೂಮಿತಾಯಿಗೆ ಪೂಜೆಯಾದ ಮೇಲೆ ಗಂಡನ ಹಿಂದೆ ಹೊಲ ಸುತ್ತಿ ನೈವೇದ್ಯದ ಚರಗ ಚೆಲ್ಲಿದಳು. ನಕ್ಕಳು ಕೂಡ.

“ನಾಟಕ ಇತ್ತು ನೋಡ್ ವೈನಿ. ಇವತ್ತ ಪರದೆ ಬಿತ್ತು,” ಅಂದಳು ಲಕ್ಷ್ಮಿಬಾಯಿ. ನನಗೂ ಹಾಗೇ ಅನಿಸಿತು. ಈ ವರ್ಷದ ಭಜ್ಜಿ ಬಹಳ ರುಚಿಯಾಗಿತ್ತು.

ಡಿಸೆಂಬರ್ 26, ಸೋಮವಾರ

ನಿನ್ನೆಯಿಂದ ಅವಳು ಎದ್ದಿಲ್ಲ. ನೀರಿನ ಲೋಟ ನಾನೇ ಹಿಡಿದೆ. ಲೋಟ ಅವಳ ಹಲ್ಲಿಗೆ ಟಕಟಕ ಬಡಿಯಿತು. ಬೆಳಕು ಚುಚ್ಚುತ್ತದೆ ಎಂದಳು, ಕಿಟಕಿ ಮುಚ್ಚಿದೆ.

ಲಕ್ಷ್ಮಿಬಾಯಿ ಫೋನು ಮಾಡಿ “ಮತ್ತ ಸುರು ಆತೇನು ನಾಟಕ?” ಅಂದಳು. ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಡಿಸೆಂಬರ್ 29, ಗುರುವಾರ

ಪತ್ರಿಕೆಯವರಿಗೆ ಬುದ್ಧಿ ಇದೆಯೇ ಎಂದು ಕೇಳಬೇಕು.

ಮುಖಪುಟದ ತುಂಬ ಚೀನಾದಲ್ಲಿ ಹೊಸ ಅಲೆ, ಮಾಸ್ಕು ಮತ್ತೆ ಬರುತ್ತದೆಯೇ, ವಿಮಾನ ನಿಲ್ಲುತ್ತದೆಯೇ. ಬರಲಿರುವ ಅಲೆಗೆ ಇಷ್ಟು ದೊಡ್ಡ ಅಕ್ಷರ. ಹೋದ ಅಲೆ ಕೆಡವಿಹೋದವರ ಸುದ್ದಿ ಒಳಗೆ, ಚಿನ್ನದ ಅಂಗಡಿಯ ಜಾಹೀರಾತಿನ ಕೆಳಗೆ. ಅಲ್ಲಿಯೂ ಯೋಗ ಮಾಡಿ, ನಡೆಯಿರಿ, ಸಕಾರಾತ್ಮಕವಾಗಿ ಚಿಂತಿಸಿ ಎಂಬ ಉಪದೇಶ. ಇವರಜ್ಜಿ ಬಂದು ಸಕಾರಾತ್ಮಕವಾಗಿ ಚಿಂತಿಸಲಿ! ಎಲ್ಲ ಉಪದೇಶ ಮುಗಿದ ಮೇಲೆ ಕಟ್ಟಕಡೆಯ ಸಾಲಿನಲ್ಲಿ, ‘ಕೆಲವರು ಶ್ರಮಪಟ್ಟ ಮರುದಿನವೋ ಅದರ ಮರುದಿನವೋ ಇನ್ನಷ್ಟು ಕುಸಿಯುತ್ತಾರೆ’ ಎಂದಿದೆ.

ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ, ಹಾಳೆ ಹರಿಯುವಷ್ಟು. ಇದನ್ನು ಮೊದಲ ಸಾಲಿನಲ್ಲಿ ಹಾಕಬೇಡವೇ? ಎಳ್ಳಮಾಸಿಗಿಂತ ಮೊದಲು ಹಾಕಬೇಡವೇ? ಹಾಕಿದ್ದರೆ ಆ ಬುಟ್ಟಿ ಅವಳ ತಲೆಗೆ ಹೋಗುತ್ತಿತ್ತೇ? ಹೊಣೆಗೇಡಿ ಜನ.

ಜನವರಿ 7, 2023, ಶನಿವಾರ

ಈಗ ಕಾದಂಬರಿಯನ್ನು ನಾನೇ ಗಟ್ಟಿಯಾಗಿ ಓದುತ್ತೇನೆ. ಪಾಠ ಮಾಡಿದ ಗಂಟಲು, ಬಳಸದಿದ್ದರೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಓದುವುದು, ಬೇರೆ ಏನಿಲ್ಲ. ಪ್ರೇಮಲಾ ಕಣ್ಣು ಮುಚ್ಚಿ ಕೇಳುತ್ತಾಳೆ. ನಡುನಡುವೆ “ಈಕಿ ಯಾರ್ರಿ ಅತ್ತಿ?” ಅನ್ನುತ್ತಾಳೆ. ನಡುವಿನ ಸೊಸೆ ಅನ್ನುತ್ತೇನೆ. ಎರಡು ಹಾಳೆಯಾದ ಮೇಲೆ ಮತ್ತೆ ಕೇಳುತ್ತಾಳೆ, ಮತ್ತೆ ಹೇಳುತ್ತೇನೆ. ಒಂದನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಹೆಚ್ಚು ಸಲ ಹೇಳಿದ್ದೇನೆ.

ಈ ಕಾದಂಬರಿಗಳ ಮೇಲೂ ಸಿಟ್ಟು ಬರುತ್ತಿದೆ. ಹಿಂದೆ ಕಣ್ಣೀರು ಹಾಕಿ ಓದಿದ್ದೆ. ನಾಯಕಿಗೆ ರೋಗ ಬಂದರೆ ಕರವಸ್ತ್ರದಲ್ಲಿ ಒಂದು ಹನಿ ರಕ್ತ ಕಂಡು ಮನೆಮಂದಿಯೆಲ್ಲ ನಂಬಿಬಿಡುತ್ತಾರೆ. ಮುಂದಿನ ಅಧ್ಯಾಯದಲ್ಲಿ ಸಾಯುತ್ತಾಳೆ, ಇಲ್ಲವೆ ಗುಣವಾಗಿ ಮಲ್ಲಿಗೆ ಮುಡಿಯುತ್ತಾಳೆ. ಸಾಯದೆ, ಗುಣವೂ ಆಗದೆ, ರಕ್ತವೂ ಕಾಣದೆ ಸುಮ್ಮನೆ ಮಲಗಿದವಳ ಬಗ್ಗೆ ನನ್ನ ಟ್ರಂಕಿನಲ್ಲಿ ಒಂದು ಪುಸ್ತಕವಿಲ್ಲ. ಬರೆದವರೆಲ್ಲ ಎಲ್ಲಿ ನೋಡುತ್ತಿದ್ದರೋ.

ರೊಟ್ಟಿಯನ್ನು ಈಗ ಖಾನಾವಳಿಯಿಂದ ತರಿಸುತ್ತೇವೆ. ನಮ್ಮ ಮನೆಯವರು ದಪ್ಪ ಅದಾವ ಎಂದು ಗೊಣಗಿದರು. ಹಲ್ಲಿರುವವರು ಅಗಿಯಲಿ.

ಮೋನಮ್ಮನಿಗೆ ಅವಳ ತಮ್ಮನ ಬಗ್ಗೆ ಕೇಳಿದೆ. ಊರಿನವರು ಅವನನ್ನು ಕುಡುಕ ಅನ್ನುತ್ತಾರಂತೆ. ಎಂಥ ಜನ! ಕಣ್ಣಾರೆ ನೋಡದೆ ಅದು ಹೇಗೆ ಅಂದುಕೊಳ್ಳುತ್ತಾರೋ.

ಜನವರಿ 17, ಮಂಗಳವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಈಗಲೇ ಬರೆದುಬಿಡುತ್ತೇನೆ.

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಓಣಿಯ ಹೆಂಗಸರೂ ಲಕ್ಷ್ಮಿಬಾಯಿಯೂ ಬಂದಿದ್ದರು. ಪ್ರೇಮಲಾ ಬೆಳಿಗ್ಗೆಯಿಂದ ಮಲಗಿ ಶಕ್ತಿ ಕೂಡಿಟ್ಟುಕೊಂಡು, ಸಂಜೆ ಇಳಕಲ್ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು. ಎಳ್ಳು-ಬೆಲ್ಲ ಹಂಚಿ ಆಯಿತು. ಎಲ್ಲರೂ ಸಾಲಾಗಿ ಒಡಪು ಹೇಳಿದರು. ಅವಳ ಸರದಿ ಬಂದಾಗ ಬಾಲಮಣಿ, ಎದುರು ಮನೆಯವಳು, “ಸಿಮೆಂಟಿಂದು ಹೇಳು, ಸಿಮೆಂಟಿಂದು!” ಎಂದು ಚಪ್ಪಾಳೆ ತಟ್ಟಿದಳು.

“ಕರಣಕೋಟಿ ಸಿಮೆಂಟಿಲೆ ಕಟ್ಟೀವಿ ಮನಿ...”

ಅಷ್ಟಕ್ಕೇ ನಿಂತಳು. ಎಲ್ಲರೂ ನಗಲು ಸಿದ್ಧವಾಗಿದ್ದರು. ನಾಚಿಕೆ ಎಂದುಕೊಂಡರು. ನಾನು ಅವಳ ಕಣ್ಣು ನೋಡಿದೆ. ಕಾದಂಬರಿಯ ಸೊಸೆಯ ಹೆಸರು ಕೇಳಿದಾಗ ಇದ್ದ ಕಣ್ಣು ಅದು. ಮತ್ತೊಮ್ಮೆ ಮೊದಲ ಸಾಲು ಹೇಳಿದಳು. ಮತ್ತೆ ಅಲ್ಲೇ ನಿಂತಳು. ಹಣೆಯಲ್ಲಿ ಬೆವರು. ಎರಡನೆಯ ಸಾಲು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ಹೆಂಡತಿಯೇ ಹೇಳಬೇಕು, ಇನ್ನೊಬ್ಬರು ಹೇಳಿಕೊಡುವುದಿಲ್ಲ.

“ಗಂಡನ ಹೆಸರೇ ಬಾಯಾಗ ಬರವಲ್ದು!” ಅಂದಳು ಲಕ್ಷ್ಮಿಬಾಯಿ, ಓಣಿಗೆಲ್ಲ ಕೇಳುವಂತೆ. “ಮನಸಿನ್ಯಾಗ ಇದ್ರ ಬಾಯಾಗ ಬರ್ತದ.”

ಬಾಯಾರಿದೆ ಎಂದು ಒಬ್ಬಳು ಎದ್ದಳು, ಹಾಲು ಕಾಯಿಸಬೇಕು ಎಂದು ಇನ್ನೊಬ್ಬಳು. ಪಡಸಾಲೆಯಲ್ಲಿ ಕೂತಿದ್ದ ಅಮರನಾಥ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಜನವರಿ 18, ಬುಧವಾರ

ಪ್ರೇಮಲಾ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. “ಎಲ್ಲಾರ ಹೆಸರೂ ಹೋತ್ರಿ ಅತ್ತಿ. ಆ ಹೊತ್ತಿನ್ಯಾಗ ನನ್ನ ಹೆಸರು ಕೇಳಿದ್ರೂ ಬರ್ತಿದ್ದಿಲ್ಲ,” ಅಂದಳು. ಇದನ್ನು ಅಮರನಾಥನಿಗೆ ಹೇಳಿದೆ. “ಬ್ಯಾರೆ ಹೆಸರು ಮರೀಲಿ ಅವ್ವ, ನಂದು ಹೆಂಗ ಮರ್ತಾಳ?” ಅಂದ. ಲಾಂಗ್ ಕೋವಿಡ್ ಎಂದು ಪತ್ರಿಕೆ ಹಿಡಿದುಕೊಂಡು ಬಂದವನು ಇವನೇ. ತನ್ನ ಹೆಸರಿನವರೆಗೆ ಬಂದಾಗ ಎಲ್ಲ ಮರೆತ.

ಫೆಬ್ರವರಿ 3, ಶುಕ್ರವಾರ

ನನ್ನನ್ನು ಕೇಳದೆ ತೀರ್ಮಾನ ಮಾಡಿದ್ದಾರೆ. ಶಿವರಾತ್ರಿಯ ಮರುದಿನ ಪ್ರೇಮಲಾಳನ್ನು ತಾಂಡೂರಿಗೆ ಬಿಟ್ಟುಬರುವುದಂತೆ. ಗುಣವಾಗುವ ತನಕ ತವರಲ್ಲಿರಲಿ ಅಂತೆ. ಗೆಳೆಯನ ಕಾರು ಕೇಳಿಯೂ ಆಗಿದೆ.

“ಗುಣ ಆಗಲಿಲ್ಲ ಅಂದ್ರ?” ಎಂದು ಕೇಳಿದೆ.

ಅಮರನಾಥ ಅಂಗಡಿಗೆ ಹೊರಟ. ಉತ್ತರ ಫೋನಿನಲ್ಲಿ ಲಕ್ಷ್ಮಿಬಾಯಿಯಿಂದ ಬಂತು. ಬೀದರಿನಲ್ಲಿ ಒಂದು ಹುಡುಗಿ ಇದೆಯಂತೆ, ಒಳ್ಳೆಯ ಮನೆತನ, ಗಟ್ಟಿಮುಟ್ಟು. ರೊಟ್ಟಿ ಎಷ್ಟು ಬೇಕಾದರೂ ಬಡಿಯುತ್ತಾಳೆ ಎಂದು ಬೇರೆ ಹೇಳಿದಳು. ಇವರಿಗೆ ಬೇಕಾದದ್ದು ಸೊಸೆಯೋ ಹಿಟ್ಟಿನ ಗಿರಣಿಯೋ? ತಾಂಡೂರಿಗೆ ಹೋದ ಪೆಟ್ಟಿಗೆ ತಿರುಗಿ ಬರುವುದಿಲ್ಲ ಎಂಬುದು ನನಗೂ ಗೊತ್ತು, ಪ್ರೇಮಲಾಗೂ ಗೊತ್ತು.

ನಮ್ಮ ಮನೆಯವರಿಗೆ ಹೇಳಿದೆ. “ಬಿಡು, ಅವರವರು ನೋಡ್ಕೊಳ್ಳಲಿ” ಅಂದರು. ನಲವತ್ತು ವರ್ಷದಿಂದ ಎಲ್ಲಕ್ಕೂ ಬಿಡು. ನಾನು ಬಿಡುವುದಿಲ್ಲ.

ಸಂಜೆ ಓದಲು ಕೂತಾಗ ಪ್ರೇಮಲಾ ಕೇಳಿದಳು, “ಶಿವರಾತ್ರಿ ಒಳಗ ಈ ಪುಸ್ತಕ ಮುಗೀತದೇನ್ರಿ?” ನನಗೆ ಓದಲಾಗಲಿಲ್ಲ. ಕನ್ನಡಕ ಸರಿ ಇಲ್ಲ ಎಂದು ಹೇಳಿ ಎದ್ದೆ.

ಫೆಬ್ರವರಿ 12, ರವಿವಾರ

ಇವತ್ತು ನಾರಾಯಣಖೇಡದಲ್ಲಿ ಲಕ್ಷ್ಮಿಬಾಯಿಯ ಸೊಸೆಯ ಕುಬಸ. ಪ್ರೇಮಲಾಗೆ ಪ್ರಯಾಣ ಆಗುವುದಿಲ್ಲ, ಮೋನಮ್ಮನನ್ನು ಅವಳ ಹತ್ತಿರ ಕೂರಿಸಿ ನಾವು ಮೂವರೂ ಹೋದೆವು. ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬಿ ಆಯಿತು. ಗಂಡಸರು ಆಚೆ ಪಡಸಾಲೆಯಲ್ಲಿ, ಬಾಗಿಲಿಗೆ ಪರದೆ ಕೂಡ ಇಲ್ಲ. ಯಾರೋ ನನ್ನ ಸೊಸೆ ಏಕೆ ಬರಲಿಲ್ಲ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಲಕ್ಷ್ಮಿಬಾಯಿ ಹೇಳಿದಳು.

“ಶಿವರಾತ್ರಿ ಆದ ಮ್ಯಾಲ ತಾಂಡೂರಿಗಿ ಕಳಸ್ಲತಾರ. ಗಂಡನ ಹೆಸರು ಮರ್ತಾಕಿ ಆ ಮನ್ಯಾಗ ಇದ್ದು ಏನ್ ಮಾಡ್ತಾಳ?”

ಹೆಂಗಸರು ಚ್ಚು ಚ್ಚು ಅಂದರು. ಅಮರನಾಥ ಬಾಗಿಲ ಪಕ್ಕದಲ್ಲೇ ಕೂತಿದ್ದ, ತಲೆ ತಗ್ಗಿಸಿದ. ಆಮೇಲೆ ಒಡಪು ಶುರುವಾಯಿತು. ಹಿರಿಯಳೆಂದು ಮೊದಲು ನನಗೇ ಹೇಳಿದರು. ನನ್ನ ಒಡಪು ಮದುವೆಯ ದಿನದಿಂದ ಒಂದೇ, ಎಲ್ಲರಿಗೂ ಬಾಯಿಪಾಠ.

“ಬೊಮ್ರಾಸಪೇಟ ಬಿಟ್ಟು ಬಂದೀನಿ ಹೊತಗೊಂಡು ಗಂಟ...”

ನಿಲ್ಲಿಸಿದೆ.

“ಮುಂದ ಹೇಳ್ ವೈನಿ,” ಅಂದಳು ಲಕ್ಷ್ಮಿಬಾಯಿ.

“ಮರ್ತೀನಿ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ.

“ಖರೇನೇ ಮರ್ತೀನಿ. ನನ್ನ ಗಂಡನ ಹೆಸರೇನು? ಯಾರಿಗರೆ ಗೊತ್ತದೇನು?”

“ಹುಚ್ಚಿ ಆಗೀಯೇನ್ ವೈನಿ? ವೈಜಣ್ಣ ಅಲ್ಲೇ ಕುಂತಾನ!”

“ಕುಂದರಲಿ. ಹೆಸರು ಬಾಯಾಗ ಬರವಲ್ದು, ಅಂದ್ರ ಮನಸಿನ್ಯಾಗ ಇಲ್ಲ. ನೀನೇ ಅಂದೀದಿ. ಹಂಗಾದ್ರ ಶಿವರಾತ್ರಿ ಮರುದಿನ ಅದೇ ಕಾರಿನ್ಯಾಗ ನನ್ನೂ ಕುಂದರಸ್ರಿ. ಅಕಿನ್ನ ತಾಂಡೂರಿನ್ಯಾಗ ಇಳಸ್ರಿ, ನನ್ನ ಬೊಮ್ರಾಸಪೇಟಿನ್ಯಾಗ ಇಳಸ್ರಿ. ಅಲ್ಲಿ ನನ್ನವರು ಯಾರೂ ಉಳದಿಲ್ಲ, ಗುಡಿ ಕಟ್ಟಿ ಮ್ಯಾಲ ಕುಂದರ್ತೀನಿ. ಮತ್ತ ನಿಮ್ಮ ಅಣ್ಣಗೂ ಬೀದರದಾಗ ಒಂದು ಹುಡುಗಿ ನೋಡು. ರೊಟ್ಟಿ ಬಡ್ಯಾಕಿ ಇರಲಿ, ಖಾನಾವಳಿ ರೊಟ್ಟಿ ಅವರಿಗಿ ದಪ್ಪ ಆಗ್ತಾವ.”

ಈಗ ಯಾರೂ ನಗಲಿಲ್ಲ. ಬಸುರಿ ಹುಡುಗಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇಷ್ಟರ ಮೇಲೆ ನಾನು ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಅದು ರೋಗ, ಮನೆಮನೆಯಲ್ಲಿ ಇದೆ, ರಿಪೋರ್ಟಿನಲ್ಲಿ ಕಾಣುವುದಿಲ್ಲ, ಬುಟ್ಟಿ ಹೊರಿಸಿದರೆ ಹೆಚ್ಚಾಗುತ್ತದೆ ಎಂದು ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ, ಮೂಲೆಯಲ್ಲಿದ್ದ ಬಳೆಗಾರ್ತಿಗೆ ಅರ್ಥವಾಗಲೆಂದು ಉರ್ದುವಿನಲ್ಲಿಯೂ ಹೇಳಿದೆ. ಊಟಕ್ಕೆ ಎಲೆ ಹಾಕಿದ್ದರು. ಉಣ್ಣದೆ ಎದ್ದು ಬಂದೆವು.

ದಾರಿಯಲ್ಲಿ ನಮ್ಮ ಮನೆಯವರು ಮೆಲ್ಲಗೆ ಕೇಳಿದರು, “ಖರೇನೇ ಮರ್ತಿದ್ದೇನು?”

“ಮನಿಗಿ ಹೋಗಿ ನೋಡ್ತೀನಿ,” ಅಂದೆ.

ಫೆಬ್ರವರಿ 18, ಶನಿವಾರ, ಶಿವರಾತ್ರಿ

ಚಳಿ ಹೊರಟಿದೆ. ಇವತ್ತು ಲಿಂಗಪೂಜೆಯ ನೀರು ಮೈ ಕೊರೆಯಲಿಲ್ಲ.

ಕಾರು ಬೇಡವೆಂದು ಅಮರನಾಥ ಗೆಳೆಯನಿಗೆ ಹೇಳಿದ್ದಾನಂತೆ. ನನಗೆ ಹೇಳಲಿಲ್ಲ, ಅವರಪ್ಪನಿಂದ ತಿಳಿಯಿತು. ಲಕ್ಷ್ಮಿಬಾಯಿ ಫೋನು ಮಾಡುವುದನ್ನು ಬಿಟ್ಟಿದ್ದಾಳೆ. ಒಳ್ಳೆಯದೇ ಆಯಿತು. ನಾನು ಮೊದಲಿನಿಂದಲೂ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೆ, ಆ ಹುಡುಗಿಗೆ ರೋಗ ಇದೆ, ಸುಮ್ಮನೆ ಮಲಗಲು ಬಿಡಿ ಎಂದು. ನನ್ನ ಮಾತು ಕೇಳಿದ್ದರೆ ಚಳಿಗಾಲದಲ್ಲಿ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಸಂಜೆ ಕಾದಂಬರಿಯ ಕೊನೆಯ ಹಾಳೆ ಓದಿದೆ. ಪ್ರೇಮಲಾ ದಿಂಬಿಗೆ ಒರಗಿ ಕೂತಿದ್ದಳು. ಮುಗಿದ ಮೇಲೆ, “ನಡುವಿನ ಸೊಸಿ ಯಾರ್ರಿ ಅತ್ತಿ?” ಎಂದು ಕೇಳಿದಳು. ಹೇಳಿದೆ. ಆಮೇಲೆ ತುಟಿ ಅಲುಗಿಸಿದಳು. ನನಗಲ್ಲ, ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

“ಕರಣಕೋಟಿ ಸಿಮೆಂಟಿಲೆ ಕಟ್ಟೀವಿ ಮನಿ...”

ಅಲ್ಲೇ ನಿಂತಿತು. ನಾನು ಪುಸ್ತಕ ಮುಚ್ಚುವ ನೆಪ ಮಾಡಿದೆ. ಅಮರನಾಥ ಗುಡಿಯಿಂದ ಬಂದು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದ. ಹಣೆಯ ತುಂಬ ವಿಭೂತಿ. ಬಗ್ಗಿದವನು ಬಗ್ಗಿದ ಹಾಗೆಯೇ ಹೇಳಿದ.

“ಅಮರನಾಥ ನಿನ್ನ ಕೊರಳಾಗಿನ ಮಣಿ.”

ಗಂಡಸು ತನ್ನ ಹೆಸರಿನ ಒಡಪನ್ನು ತಾನೇ ಹೇಳಿದ್ದನ್ನು ನಾನು ಎಲ್ಲೂ ಕಂಡಿಲ್ಲ, ಯಾವ ಕಾದಂಬರಿಯಲ್ಲೂ ಓದಿಲ್ಲ. ಪ್ರೇಮಲಾ ಮುಖಕ್ಕೆ ಸೆರಗು ಹಿಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಆಗಲೇ ಕನ್ನಡಕ ತೆಗೆದಿದ್ದೆ, ನನಗೆ ಸರಿಯಾಗಿ ಕಾಣಲಿಲ್ಲ. ಆದರೆ ಸಿಟ್ಟು ಬಂತು. ಸಂಕ್ರಾಂತಿಯ ಅರಿಶಿನ-ಕುಂಕುಮದ ದಿನವೂ ಅವನು ಪಡಸಾಲೆಯಲ್ಲೇ ಇದ್ದನಲ್ಲ. ಒಂದು ಸಾಲು! ಅಷ್ಟು ಹೇಳಲು ಇವನಿಗೆ ಶಿವರಾತ್ರಿ ಬರಬೇಕಾಯಿತೇ?